ಡೂಲಿಯ ನಾಲಿಗೆ

"ನಾಲಿಗೆ! ನಾಲಿಗೆ ಮರೀಬೇಡ ಕಣೇ!" ಎಂದು ಕರ್ಟಿಸ್ ಕೂಗಿದ.

ಮಾರ್ಲಾ ಮರೆಯುವವಳೇ? ಊಟದ ಬಿಡುವಿನಲ್ಲಿ ಐದನೇ ಕ್ಲಾಸಿನ ಅರ್ಧ ಮಂದಿ ಅವಳ ಸುತ್ತ ನಿಂತಿದ್ದರು. ಅವಳು ಎಡಗಾಲನ್ನು ಎದೆಯವರೆಗೆ ಎತ್ತಿ ಕೊಕ್ಕರೆಯ ಹಾಗೆ ಓಲಾಡಿದಳು. ಬಾಯಿಯ ಮೂಲೆಯಿಂದ ನಾಲಿಗೆಯನ್ನು ಹೊರಗೆ ಇಳಿಬಿಟ್ಟಳು. ಇಲ್ಲದ ಚೆಂಡನ್ನು ಬೀಸಿ ಎಸೆದಳು. ಆಮೇಲೆ ಕತ್ತೆತ್ತಿ, ಆ ಚೆಂಡು ಬೇಲಿ ದಾಟಿ ಹೋಗುವುದನ್ನು ಪೆದ್ದುಪೆದ್ದಾಗಿ ನೋಡಿದಳು.

"ಥೇಟ್ ಡೂಲಿ!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ವೇಡ್ ಡೂಲಿ ಅಂದರೆ ಊರಿನ ಬೇಸ್‌ಬಾಲ್ ಟೀಮು ಟರ್ಟಲ್ಸ್‌ನ ಹೊಸ ಪಿಚರ್. ಚೆಂಡು ಎಸೆಯುವುದೊಂದೇ ಅವನ ಕೆಲಸ, ಅದೂ ಬರುವುದಿಲ್ಲ ಎನ್ನುವುದು ಮಾರ್ಲಾಳ ತೀರ್ಮಾನ. ಹತ್ತೊಂಬತ್ತು ವರ್ಷ, ಅಲಬಾಮಾದವನು. ಮುಂದೆ ದೊಡ್ಡ ಲೀಗಿನಲ್ಲಿ ಮಿಂಚುತ್ತಾನೆ ಅಂತ ಪೇಪರಿನಲ್ಲಿ ಬರೆದಿದ್ದರು. ಬರೆಯುವವರಿಗೇನು? ಅವರ ಕೋಣೆಯನ್ನು ಅವನು ಕಿತ್ತುಕೊಂಡಿರಲಿಲ್ಲವಲ್ಲ!

ಕಿತ್ತುಕೊಂಡದ್ದು ಮಾರ್ಲಾಳ ಕೋಣೆಯನ್ನು. ಪ್ರತಿ ಏಪ್ರಿಲ್‌ನಲ್ಲಿ ಟೀಮಿನ ಹುಡುಗರನ್ನು ಊರಿನ ಮನೆಗಳಿಗೆ ಹಂಚುತ್ತಾರೆ. ಇಟ್ಟುಕೊಂಡವರಿಗೆ ಬ್ಯಾಟ್ ಮಾಡುವವನ ಬೆನ್ನ ಹಿಂದೆಯೇ ಪುಕ್ಕಟೆ ಸೀಟು. ಈ ಸಲ ಅಮ್ಮ "ನಮಗೂ ಒಬ್ಬ ಇರಲಿ" ಎಂದುಬಿಟ್ಟಳು. ಅಂದಿನಿಂದ ಮಾರ್ಲಾ ನೆಲಮಾಳಿಗೆಯಲ್ಲಿ, ವಾಷಿಂಗ್ ಮೆಷಿನ್ ಪಕ್ಕದ ಮಡಚುವ ಮಂಚದಲ್ಲಿ. ಆ ಮೆಷಿನ್ ಶುರುವಾದರೆ ಮಂಚವೂ ಗಡಗಡ ನಡುಗುತ್ತಿತ್ತು.

ಅವಳು ಮನೆಗೆ ಬಂದಾಗ ಡೂಲಿ ಕೇಕಿನ ಹಿಟ್ಟು ಕಲಸುವ ಬೋಗುಣಿಯಲ್ಲಿ ಕಾರ್ನ್‌ಫ್ಲೇಕ್ಸ್ ತಿನ್ನುತ್ತಿದ್ದ.

"ಸ್ಕೂಲ್ ಮುಗೀತಾ, ಮೇಡಂ?" ಎಂದ. ಅವನಿಗೆ ಎಲ್ಲರೂ ಮೇಡಂ. ಅಮ್ಮನೂ ಮೇಡಂ, ಪಕ್ಕದ ಮನೆಯ ಮುದುಕಿಯೂ ಮೇಡಂ, ಹತ್ತು ವರ್ಷದ ಮಾರ್ಲಾಳೂ ಮೇಡಂ.

"ಮೇಡಂ ಅಂತೆ ಮೇಡಂ," ಎಂದು ಮಾರ್ಲಾ ಮೂಗು ಮುರಿದಳು. ಅವನು ಬೋಗುಣಿ ತೊಳೆದಿಟ್ಟು ಹೊರಗೆ ಹೋದ.

"ಅವನ ಜೊತೆ ಸ್ವಲ್ಪ ಚೆನ್ನಾಗಿ ಮಾತಾಡೇ," ಎಂದಳು ಅಮ್ಮ. "ಪಾಪ, ಅವನ ಫಾಸ್ಟ್ ಬಾಲ್ ಚೆನ್ನಾಗೇ ಇದೆ. ಅದೊಂದೇ ಸಾಲ್ದು, ಕೈ ಜೋರಾಗಿ ಬೀಸಿ ನಿಧಾನದ ಚೆಂಡು ಹಾಕಿ ಏಮಾರಿಸೋದನ್ನ ಕಲಿ ಅಂದಿದ್ದಾರೆ ಮೇಲಿನೋರು. ಮ್ಯಾಚಿಗೆ ಇಪ್ಪತ್ತು ಹಾಕ್ಲೇಬೇಕಂತೆ, ಸೋತ್ರೂ ಸರಿ."

"ಸೋಲೋದು ಅವನಿಗೆ ಕಲಿಸ್ಬೇಕಾ? ತಾನಾಗೇ ಬರುತ್ತಲ್ಲ!"

"ಹಾಗೆಲ್ಲಾ ಅನ್ಬೇಡ. ಬುಧವಾರದ ಮ್ಯಾಚೇ ಕೊನೆ ಅಂದಿದ್ದಾರಂತೆ ಕೋಚ್. ಅಲ್ಲೂ ಹೀಗೇ ಆದ್ರೆ ಊರಿಗೆ ಕಳಿಸಿಬಿಡ್ತಾರೆ."

ಮಾರ್ಲಾ ಬಗ್ಗಿ ಶೂ ಬಿಚ್ಚುವ ನೆಪದಲ್ಲಿ ನಗು ಬಚ್ಚಿಟ್ಟಳು. ಗುರುವಾರಕ್ಕೆಲ್ಲ ಅವಳ ಕೋಣೆ ಅವಳಿಗೆ!

ಆ ಖುಷಿಗೆ ಹಿತ್ತಲಿಗೆ ಹೋಗಿ, ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯ ಮಕ್ಕಳಿಗೆ ಮತ್ತೆ ಡೂಲಿ ಮಾಡಿ ತೋರಿಸಿದಳು. ಕಾಲು, ಓಲಾಟ, ನಾಲಿಗೆ. ಮಕ್ಕಳು ಇದ್ದಕ್ಕಿದ್ದಂತೆ ನಗು ನಿಲ್ಲಿಸಿದರು. ಹಿಂತಿರುಗಿದರೆ ಮೆಟ್ಟಿಲ ಮೇಲೆ ಡೂಲಿ!

ಅವಳ ಕಿವಿ ಬಿಸಿಯಾಯಿತು. ಅವನು ಬೈಯಲಿಲ್ಲ.

"ನಾನು ಹೀಗಾ ಎಸೆಯೋದು? ಸರಿ, ಈಗ ಫಾಸ್ಟ್ ಬಾಲ್ ಹಾಕು ನೋಡೋಣ."

ಮಾರ್ಲಾ ಕಾಲೆತ್ತಿ ಎಸೆದಳು. ಬಾಯಿ ಮುಚ್ಚಿತ್ತು.

"ಇದ್ರಲ್ಲಿ ನಾಲಿಗೆ ಇಲ್ವಲ್ಲ?" ಎಂದ ಡೂಲಿ.

ಆಗಲೇ ಮಾರ್ಲಾಳಿಗೆ ಹೊಳೆದದ್ದು. ನಿಜ! ನಿಧಾನದ ಚೆಂಡು ಹಾಕುವಾಗ ಮಾತ್ರ ಇವನ ನಾಲಿಗೆ ಹೊರಗೆ ಬರುತ್ತದೆ. ಅದನ್ನು ಗಮನಿಸಿದವರಿಗೆ ಯಾವ ಚೆಂಡು ಬರುತ್ತದೆ ಅಂತ ಮೊದಲೇ ಗೊತ್ತಾಗಿಬಿಡುತ್ತದೆ. ಪುಕ್ಕಟೆ ಸೀಟಿನಲ್ಲಿ ಕೂತು ಒಂದೂವರೆ ತಿಂಗಳು ಅವನ ಮುಖ ನೋಡಿದವಳು ಅವಳು. ಕೋಚ್ ನೋಡುತ್ತಿದ್ದದ್ದು ಮೊಣಕೈ. ಟೀಮಿನ ಕ್ಯಾಮೆರಾ ಇದ್ದದ್ದು ಅವನ ಬೆನ್ನ ಹಿಂದೆ.

ಹೇಳಿದರೆ ಇವನು ಇಲ್ಲೇ ಉಳಿದರೆ?

"ಅದಾ? ಅದು ನಗಿಸೋಕೆ ಅಂತ ನಾನೇ ಸೇರಿಸಿದ್ದು," ಎಂದಳು.

"ಓ, ಸರಿ ಬಿಡು." ಅವನು ನಂಬಿಬಿಟ್ಟ. "ಚೆನ್ನಾಗೇ ಮಾಡ್ತೀಯ, ಮೇಡಂ."

ಪೆದ್ದ, ಎಂದುಕೊಂಡಳು ಮಾರ್ಲಾ. ಆದರೆ ಈ ಸಲ ಹಾಗೆ ಅಂದುಕೊಂಡದ್ದು ಅಷ್ಟು ಮಜಾ ಕೊಡಲಿಲ್ಲ.

ಬುಧವಾರ ಬೆಳಿಗ್ಗೆ ಅವಳ ಕಾಲುಚೀಲ ಸಿಗಲಿಲ್ಲ. ಡೂಲಿ ಆಗಲೇ ಮೈದಾನಕ್ಕೆ ಹೋಗಿದ್ದ. ಹುಡುಕಿಕೊಂಡು ಮೇಲಿನ ಕೋಣೆಗೆ ಹೋದಳು. ಹಾಸಿಗೆಯ ಮೇಲೆ ಸುಕ್ಕಿಲ್ಲದ ಹಾಗೆ ಹೊದಿಕೆ ಹಾಸಿತ್ತು. ಅದರ ಮೇಲೆ ಜಿಪ್ ಎಳೆದ ದೊಡ್ಡ ಚೀಲ. ಅವನು ಎಲ್ಲವನ್ನೂ ತುಂಬಿಟ್ಟೇ ಹೋಗಿದ್ದ. ಕಪಾಟಿನ ಮೇಲೆ ಅವಳ ಹದಿನಾಲ್ಕು ಪ್ಲಾಸ್ಟಿಕ್ ಕುದುರೆಗಳು ಏಪ್ರಿಲ್‌ನಲ್ಲಿ ಬಿಟ್ಟು ಹೋದ ಸಾಲಿನಲ್ಲೇ ಇದ್ದವು. ಒಂದರ ಮೇಲೂ ಧೂಳಿರಲಿಲ್ಲ.

ಮಾರ್ಲಾಳಿಗೆ ಸಿಟ್ಟು ಬಂತು. ಯಾರು ಒರೆಸು ಅಂದಿದ್ದರು ಇವನಿಗೆ?

ಅವತ್ತು ಶಾಲೆಗಳಿಗಾಗಿಯೇ ಹನ್ನೊಂದು ಗಂಟೆಗೆ ಇಟ್ಟ ಮ್ಯಾಚು. ಹಳದಿ ಬಸ್ಸುಗಳಲ್ಲಿ ಬಂದಿಳಿದ ಮಕ್ಕಳ ಕೈಯಲ್ಲೆಲ್ಲ ಹಾಟ್‌ಡಾಗ್. ಐದನೇ ಕ್ಲಾಸಿಗೆ ಟರ್ಟಲ್ಸ್ ಬೆಂಚಿನ ಮೇಲ್ಗಡೆಯೇ ಜಾಗ ಸಿಕ್ಕಿತು. ಡೂಲಿ ಮೈದಾನಕ್ಕಿಳಿದದ್ದೇ ತಡ, ಇಡೀ ಕ್ಲಾಸು ನಾಲಿಗೆ ಹೊರಗೆ ಹಾಕಿತು. ಕಲಿಸಿದ್ದು ಯಾರು? ಮಾರ್ಲಾ. ಆದರೆ ಮಾರ್ಲಾಳ ನಾಲಿಗೆ ಮಾತ್ರ ಹೊರಗೆ ಬರಲೊಲ್ಲದು.

ಡೂಲಿ ತಲೆಯೆತ್ತಿ ಅವಳನ್ನು ಹುಡುಕಿ ಕೈಬೀಸಿದ.

ಆಮೇಲೆ ಶುರುವಾಯಿತು ಪೆಟ್ಟು. ಫಾಸ್ಟ್ ಬಾಲಿಗೆ ತಡವರಿಸುತ್ತಿದ್ದವರು ನಿಧಾನದ ಚೆಂಡಿಗೆ ಕಾದು ನಿಂತು ಬಾರಿಸುತ್ತಿದ್ದರು. ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ಮೊದಲನೆಯದಕ್ಕೇ ಮೂರು ರನ್ನು, ಬೇಸ್‌ಬಾಲಿನಲ್ಲಿ ಅದು ಬಹಳ. ಎದುರಾಳಿಗಳ ಬೆಂಚಿನಲ್ಲೊಬ್ಬ ಡೂಲಿಯನ್ನು ತೋರಿಸಿ, ತನ್ನ ಬಾಯಿಯ ಮೂಲೆ ಮುಟ್ಟಿಕೊಂಡು ಹಲ್ಲುಕಿರಿದ. ಪಕ್ಕದವನೂ ಕಿರಿದ.

ಮಾರ್ಲಾಳ ಕೈಯಲ್ಲಿದ್ದ ಹಾಟ್‌ಡಾಗ್ ಅರ್ಧದಲ್ಲೇ ನಿಂತಿತು. ಅವರಿಗೂ ಗೊತ್ತು! ಎಲ್ಲರಿಗೂ ಗೊತ್ತು, ಅವನೊಬ್ಬನನ್ನು ಬಿಟ್ಟು.

ಇನ್ನಿಂಗ್ಸ್ ಮುಗಿಸಿ ಡೂಲಿ ತಲೆ ತಗ್ಗಿಸಿಕೊಂಡು ಬೆಂಚಿನ ಕಡೆ ಬರುತ್ತಿದ್ದ. ಮಾರ್ಲಾ ಮೆಟ್ಟಿಲು ಹಾರಿ ಕೆಳಗಿನ ಕಂಬಿಯ ಹತ್ತಿರ ಓಡಿದಳು.

"ಡೂಲೀ!"

ಅವನು ನೋಡಿದ. ಅವಳು ಕಾಲೆತ್ತಿದಳು, ಬಾಯಿ ಬಿಗಿದುಕೊಂಡು ಜೋರಾಗಿ ಎಸೆದಳು. ಮತ್ತೆ ಕಾಲೆತ್ತಿದಳು, ಓಲಾಡಿದಳು, ನಾಲಿಗೆ ಇಳಿಬಿಟ್ಟು ನಿಧಾನದ್ದನ್ನು ಎಸೆದಳು. ಇನ್ನೊಂದು ಸಲ ಎರಡನ್ನೂ ಮಾಡಿದಳು. ಕ್ಲಾಸಿಗೆ ಕ್ಲಾಸೇ ಕೇಕೆ ಹಾಕಿತು.

"ಮಾರ್ಲಾ! ಮರ್ಯಾದೆ ಇಲ್ವಾ ನಿಂಗೆ? ಬಂದು ಕೂತ್ಕೋ!" ಎಂದು ಟೀಚರ್ ಗದರಿದರು.

"ನಾನು ಸೇರಿಸಿದ್ದಲ್ಲ ಅದು!" ಎಂದಳು ಮಾರ್ಲಾ ಡೂಲಿಗೆ. "ಸುಳ್ಳು ಹೇಳಿದ್ದೆ."

ಡೂಲಿ ಒಂದು ಕ್ಷಣ ನಿಂತ. ಬಾಯಿಯ ಮೂಲೆಯನ್ನು ಬೆರಳಿನಿಂದ ಮುಟ್ಟಿಕೊಂಡ. ಆಮೇಲೆ ಬೆಂಚಿನ ಕಡೆ ಹೋದ.

ಮುಂದಿನ ಇನ್ನಿಂಗ್ಸಿಗೆ ಬಂದಾಗ ಅವನ ಕೆನ್ನೆ ಉಬ್ಬಿತ್ತು. ನಾಲ್ಕೈದು ಚೂಯಿಂಗ್ ಗಮ್ ಒಟ್ಟಿಗೆ ತುರುಕಿಕೊಂಡಿದ್ದ. ನಾಲಿಗೆಗೆ ಹೊರಗೆ ಬರಲು ಪುರುಸೊತ್ತೇ ಇರಲಿಲ್ಲ. ಮೊದಲು ಆಡಲು ಬಂದವನು ನಿಧಾನದ ಚೆಂಡು ತಲುಪುವ ಮುಂಚೆಯೇ ಬ್ಯಾಟ್ ಬೀಸಿ ಬುಗುರಿಯ ಹಾಗೆ ಸುತ್ತಿ ಬಿದ್ದ. ಎರಡನೆಯವನೂ ಅಷ್ಟೇ. ಆಗ ಹಲ್ಲುಕಿರಿದಿದ್ದವರು ಈಗ ಬೆಂಚಿನಂಚಿಗೆ ಬಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಅವರಿಗೆ ಮತ್ತೆ ಒಂದು ರನ್ನೂ ಸಿಗಲಿಲ್ಲ.

ಗುರುವಾರ ಬೆಳಿಗ್ಗೆ ವಾಷಿಂಗ್ ಮೆಷಿನ್ ಗಡಗಡ ಎಂದು ಮಾರ್ಲಾಳನ್ನು ಎಬ್ಬಿಸಿತು. ಒಳಗೆ ಹುಲ್ಲಿನ ಕಲೆಯಾದ ಡೂಲಿಯ ಪ್ಯಾಂಟ್ ತಿರುಗುತ್ತಿತ್ತು.

"ನಿನ್ನ ಕೋಣೆ ಇನ್ನೂ ಸ್ವಲ್ಪ ದಿನ..." ಎಂದು ಅಮ್ಮ ಶುರುಮಾಡಿದಳು.

"ಗೊತ್ತು ಬಿಡಮ್ಮ," ಎಂದಳು ಮಾರ್ಲಾ.

ಊಟದ ಬಿಡುವಿನಲ್ಲಿ ಎಲ್ಲರೂ ಮತ್ತೆ ಸುತ್ತುಗಟ್ಟಿದರು. "ಡೂಲಿ ಮಾಡೇ! ಡೂಲಿ!"

ಮಾರ್ಲಾ ಕಾಲೆತ್ತಿದಳು. ಈ ಸಲ ಓಲಾಡಲಿಲ್ಲ. ಬಾಯಿ ಮುಚ್ಚಿಕೊಂಡು, ಕೈಯನ್ನು ಪೂರ್ತಿ ಬೀಸಿ, ನಿಧಾನದ ಚೆಂಡನ್ನು ಎಸೆದಳು.

ಯಾರೂ ನಗಲಿಲ್ಲ.

"ನಾಲಿಗೆ ಎಲ್ಲೇ?" ಎಂದ ಕರ್ಟಿಸ್. "ಇದ್ರಲ್ಲಿ ನಗೋಕೆ ಏನಿದೆ?"

"ಏನೂ ಇಲ್ಲ," ಎಂದು ಮಾರ್ಲಾ ಇನ್ನೊಮ್ಮೆ ಎಸೆದಳು.