ಬೇರುಸಹಿತ ಎತ್ತಿದ ಗಿಡಗಳು

"ಕೈ ತೆಗೀರಿ. ಅದು ಲಂಟಾನ ಅಲ್ಲ, ಕಾರೆ ಗಿಡ ಕಣ್ರೀ."

ಕುಡುಗೋಲು ಹಿಡಿದಿದ್ದ ಬಿಂದುವಿನ ಮಣಿಕಟ್ಟನ್ನು ಯಾರೋ ಗಟ್ಟಿಯಾಗಿ ಹಿಡಿದಿದ್ದರು. ಹತ್ತು ಜನರ ಮುಂದೆ ಅವಳ ಮುಖ ಸಣ್ಣದಾಯಿತು.

'ಮೊದಲ ದಿನವೇ ಇಂಥ ಅವಮಾನ... ಇನ್ನು ಈ ಕಡೆ ತಲೆ ಹಾಕಬಾರದು.'

ಆದರೂ ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೇ ಚಾಮರಾಜಪುರಂನಿಂದ ಹೊರಟಳು. ಕೈ ಹಿಡಿದವನು ಮಹದೇವ. ನಜರ್‌ಬಾದಿನಲ್ಲಿ ಗಾಡಿಗಳ ವೈರಿಂಗ್ ಅಂಗಡಿ ಇಟ್ಟಿದ್ದ. ಊರೊಳಗಿನ ಆ ಕುರುಚಲು ಕಾಡಿನ ಪಾರ್ಕಿನಲ್ಲಿ, ಬೇರೇನನ್ನೂ ಬೆಳೆಯಗೊಡದ ಲಂಟಾನದ ಪೊದೆ ಕಿತ್ತು, ಈ ನೆಲದ್ದೇ ಆದ ಮುತ್ತುಗ, ಬೇಲ, ಕಗ್ಗಲಿ ನೆಡುವುದು ಅವರ ಗುಂಪಿನ ಕೆಲಸ.

ಮೂರು ವರ್ಷ ಇಬ್ಬರೂ ಜೊತೆಯಲ್ಲೇ ಗುಣಿ ತೋಡಿದರು. ಅವರು ನೆಟ್ಟ ಪೊದೆಯೊಂದರಲ್ಲಿ ಪಿಕಳಾರ ಹಕ್ಕಿ ಮೊದಲ ಸಲ ಗೂಡು ಕಟ್ಟಿದ ದಿನ ಮಹದೇವ ಅವಳನ್ನು ಕರೆದು ತೋರಿಸಿದ. ಇನ್ನೇನೋ ಹೇಳಲು ಬಾಯಿ ತೆರೆದವನು, "ಬಿಸಿಲಾಯ್ತು, ನೀರು ಕುಡೀರಿ" ಎಂದಷ್ಟೇ ಅಂದ.

ಅವಳು ಕಾದಳು.

ಅಷ್ಟರಲ್ಲಿ ಆ ಜಾಗದಲ್ಲಿ ಪಾಲಿಕೆಯವರು ಕಾರಂಜಿ, ಪಾರ್ಕಿಂಗ್ ಮಾಡುತ್ತಾರೆಂದು ಸುದ್ದಿಯಾಯಿತು. ಎಲ್ಲರೂ ಅರ್ಜಿ ಹಿಡಿದು ಅಲೆದರು. ಒಂದು ದಿನ, ಜಾಗ ತೆರವಿಗೆ ತಕರಾರಿಲ್ಲವೆಂಬ ಒಪ್ಪಿಗೆ ಪತ್ರದ ಫೋಟೊ ಬಿಂದುವಿನ ಮೊಬೈಲಿಗೆ ಬಂತು. ಗುಂಪಿನ ಪರವಾಗಿ ಸಹಿ... ಮಹದೇವನದು.

'ಇವನೇ ಬಿಟ್ಟುಕೊಟ್ಟನಾ?'

ಅವಳು ಕೇಳಲಿಲ್ಲ. ಅವನ ಫೋನ್ ಎತ್ತಲಿಲ್ಲ. ಪಾರ್ಕಿಗೂ ಹೋಗಲಿಲ್ಲ.

ತಿಂಗಳು ಕಳೆದ ಮೇಲೆ ಗುಂಪಿನ ಹಿರಿಯರಾದ ಸದಾಶಿವಯ್ಯ ದಾರಿಯಲ್ಲಿ ಸಿಕ್ಕರು.

"ಕೇಸು ಹಾಕಿದ್ರೂ ನಿಲ್ಲಲ್ಲ ಅಂತ ವಕೀಲರು ಹೇಳ್ಬುಟ್ರು ಕಣಮ್ಮ. ಸಹಿ ಹಾಕಿದ್ರೆ ಗಿಡ ಸಾಗಿಸೋಕೆ ಒಂದು ತಿಂಗಳು ಟೈಮ್ ಕೊಡ್ತೀವಿ ಅಂದ್ರು ಪಾಲಿಕೆಯೋರು. ನಾವ್ಯಾರೂ ಮುಂದೆ ಬರ್ಲಿಲ್ಲ. ಅವನು ಹಾಕ್ದ, ಎಲ್ರ ಕೈಲೂ ಬೈಸ್ಕೊಂಡ. ಈಗ ಒಬ್ನೇ ಅಗೀತಾ ಇದಾನೆ."

ಬಿಂದು ನೇರ ಅಲ್ಲಿಗೇ ಹೋದಳು.

ಜೆಸಿಬಿ ಆಗಲೇ ಅರ್ಧ ಜಾಗವನ್ನು ಮಟ್ಟ ಮಾಡಿತ್ತು. ಗೂಡಿದ್ದ ಪೊದೆ ಇರಲಿಲ್ಲ. ಮಹದೇವ ಮಂಡಿಯೂರಿ ಕುಳಿತು, ಗಿಡವೊಂದರ ಬೇರಿಗೆ ಒದ್ದೆ ಗೋಣಿ ಸುತ್ತುತ್ತಿದ್ದ. ಅಂಗೈ ತುಂಬ ಬೊಬ್ಬೆ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಫೋನ್ ಮಾಡ್ತಿದ್ದೆ."

ಅವಳು ಗೋಣಿ ಸುತ್ತಿದ ಗಿಡದತ್ತ ನೋಡಿದಳು.

"ಎಷ್ಟು ಉಳಿದ್ವು?"

"ಕೆರೆ ಏರಿ ಹತ್ರ ನೆಟ್ಟೆ. ಈ ಬಿಸಿಲಲ್ಲಿ ಒಂದೂ ಚಿಗುರಲಿಲ್ಲ. ಇವೂ ಚಿಗುರಲ್ಲ ಅನ್ಸುತ್ತೆ."

"ಮತ್ಯಾಕೆ ಅಗೀತಿದೀರಾ?"

"ನೀವು ನೆಟ್ಟಿದ್ದು... ಜೆಸಿಬಿ ಬಾಯಿಗೆ ಹೆಂಗೆ ಬಿಡ್ಲಿ?"

ಬಿಂದು ಮಣ್ಣಿನಲ್ಲೇ ಕುಳಿತಳು. ಕಣ್ಣೀರು ಒರೆಸಿಕೊಳ್ಳಲಿಲ್ಲ.

"ಮೂರು ವರ್ಷ ನಾನು ಬಂದಿದ್ದು ಬರೀ ಗಿಡಕ್ಕಲ್ಲ ಕಣ್ರೀ. ಗೊತ್ತಾಗ್ಲೇ ಇಲ್ವಾ?"

"ಗೊತ್ತಿತ್ತು. ನಂಗೂ ಅಷ್ಟೇ... ಹೇಳೋಕೆ ಧೈರ್ಯ ಸಾಲ್ಲಿಲ್ಲ." ಅವನು ಕೆದಕಿದ ನೆಲವನ್ನು ನೋಡಿದ. "ಈಗ ನಿಮ್ಗೆ ತೋರ್ಸೋಕೆ ಒಂದು ಹಸಿರೆಲೆನೂ ಉಳ್ದಿಲ್ಲ ನನ್ನ ಹತ್ರ."

ಜೆಸಿಬಿ ಮತ್ತೆ ಶುರುವಾಯಿತು. ಅವಳು ಎದ್ದು ಗೋಣಿಯ ಇನ್ನೊಂದು ತುದಿ ಹಿಡಿದಳು.

"ಇರ್ಲಿ ಬಿಡಿ. ಒಬ್ರೇ ಎತ್ತಬೇಡಿ... ಇನ್ಮೇಲೆ."