ಡ್ರೈವರ್ ಸಾಹೇಬರ ನೋಟ

ಇಮಾಮುದ್ದೀನ ತನ್ನ ಕಣ್ಣನ್ನಲ್ಲ, ತುಟಿಯನ್ನೇ ನೋಡುತ್ತಾನೆ ಎಂಬುದು ರಹೀಮಾಬಿಗೆ ಖಾತ್ರಿಯಾದದ್ದು ಅಂತ್ಯಾಕ್ಷರಿಯ ದಿನ.

ಅಣ್ಣಿಗೇರಿಯ ಹಿರಿಯರ ಬಳಗದವರೆಲ್ಲ ಅಂದು ಸೇರಿದ್ದರು. ಅವಳು ಹಾಡಲು ಬಾಯಿ ತೆರೆದದ್ದೇ ತಡ, ಆಚೆ ತುದಿಯಲ್ಲಿದ್ದ ಆತ ಕುರ್ಚಿ ಎತ್ತಿಕೊಂಡು ಬಂದು ಅವಳ ಬಲಕ್ಕೆ ಕುಳಿತ. ಮುಂದಕ್ಕೆ ಬಾಗಿ, ಹುಬ್ಬು ಕೂಡಿಸಿ, ತುಟಿಯನ್ನೇ ದಿಟ್ಟಿಸಿದ. ಅವಳಿಗೆ ಮುಂದಿನ ಸಾಲೇ ಮರೆತುಹೋಯಿತು.

ಗಂಡ ತೀರಿಕೊಂಡ ಮೇಲೆ ವರ್ಷಗಟ್ಟಲೆ ಬಳೆ ಅಂಗಡಿ ನಡೆಸಿದವಳು ರಹೀಮಾಬಿ. ಬಳೆ ನೋಡುವ ಕಣ್ಣು ಯಾವುದು, ಕೈ ನೋಡುವ ಕಣ್ಣು ಯಾವುದು ಎಂದು ದೂರದಿಂದಲೇ ಹೇಳಬಲ್ಲಳು. ಆದರೆ ಈ ನಿವೃತ್ತ ಬಸ್ ಡ್ರೈವರನ ನೋಟ ಅರ್ಥವಾಗುತ್ತಿರಲಿಲ್ಲ. ಕೇರಂ ಆಡುವಾಗಲೂ ಬಲಕ್ಕೇ ಬರುತ್ತಿದ್ದ, ವಾಕಿಂಗಿನಲ್ಲೂ ಬಲಕ್ಕೇ. ಬೇಕೆಂದೇ ಅವಳು ಬದಿ ಬದಲಿಸಿದರೆ ಸುತ್ತು ಹಾಕಿಕೊಂಡು ಬಂದು ಮತ್ತೆ ಬಲಕ್ಕೆ.

ಆ ನೋಟಕ್ಕೆ ತನ್ನ ಕೆನ್ನೆ ಬಿಸಿಯಾಗುತ್ತದಲ್ಲ, ಅದಕ್ಕೇ ಅವಳಿಗೆ ಇನ್ನೂ ಹೆಚ್ಚು ಸಿಟ್ಟು.

"ಹೆಂಡ್ತಿ ಇಲ್ಲದ ಮನಶ್ಯಾ. ನಿನ್ನ ಮ್ಯಾಲ ಕಣ್ಣ ಬಿದ್ದೈತಿ ಬಿಡಬೇ," ಎಂದು ಗೆಳತಿ ರೇವವ್ವ ನಕ್ಕಳು.

"ಹಂಗಿದ್ರ ಬಾಯಿ ಬಿಟ್ಟು ಹೇಳ್ಲಿ. ಮುಂದಿನ ಹಲ್ಲ ಬಿದ್ದೈತಲ್ಲ ನಂದು, ಅದನ್ನ ನೋಡಿ ಮನಸಿನ್ಯಾಗ ನಗ್ತಾನ."

ಕೊನೆಗೆ ಅವಳು ಬಳಗದ ಕಾರ್ಯದರ್ಶಿ ಶಂಕ್ರಪ್ಪನಿಗೆ ದೂರು ಕೊಟ್ಟಳು.

"ನವಿಲುತೀರ್ಥದ ಟ್ರಿಪ್ಪು ಒಂದು ಮುಗೀಲ್ರಿ," ಎಂದ ಶಂಕ್ರಪ್ಪ. "ಇನ್ನ ಬಳಗಕ್ಕ ಬರಬ್ಯಾಡಂತ ಎಲ್ಲಾರ ಮುಂದ ಹೇಳ್ತೀನಿ."

ಟೆಂಪೊ ನವಿಲುತೀರ್ಥ ಮುಟ್ಟಿದಾಗ ಬಿಸಿಲು ಹಿತವಾಗಿತ್ತು. ಇಮಾಮುದ್ದೀನ ಒಬ್ಬನೇ ಡ್ಯಾಮಿನ ದಾರಿಯಲ್ಲಿ, ನೀರು ನೋಡುತ್ತ ಮುಂದೆ ನಡೆದಿದ್ದ. ದೂರು ಕೊಟ್ಟ ಮೇಲೆ ಮನಸ್ಸು ತಡೆಯದೆ, ನೇರವಾಗಿ ಕೇಳಿಯೇಬಿಡೋಣವೆಂದು ರಹೀಮಾಬಿ ಹಿಂದೆ ಹೋದಳು.

"ಡ್ರೈವರ್ ಸಾಹೇಬ್ರ!"

ಆತ ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದಳು. ಆಗಲೂ ಇಲ್ಲ. ಸೊಕ್ಕು ನೋಡು, ಅಂದುಕೊಂಡಳು.

ಅಷ್ಟರಲ್ಲಿ ಆತನ ಬಲಬದಿಯಿಂದ ಟ್ರ್ಯಾಕ್ಟರೊಂದು ಹಾರ್ನು ಹೊಡೆಯುತ್ತ ಬಂತು. ದಾರಿಯಲ್ಲಿದ್ದವರೆಲ್ಲ ಸರಿದರು, ಆತ ಮಾತ್ರ ನಡೆಯುತ್ತಲೇ ಇದ್ದ. ರಹೀಮಾಬಿ ಓಡಿಹೋಗಿ ತೋಳು ಹಿಡಿದು ಎಳೆದಳು. ಟ್ರ್ಯಾಕ್ಟರು ಅವಳ ಸೆರಗಿಗೆ ಧೂಳೆರಚಿ ದಾಟಿತು.

"ಕಿವಿ ಕೇಳಸಂಗಿಲ್ಲೇನ್ರಿ ನಿಮಗ?"

ಬೈಗುಳವೆಂದು ಆಡಿದ ಮಾತು. ಆತನ ಮುಖ ಬಿಳಚಿಕೊಂಡಿತು.

"ಇಲ್ರಿ," ಎಂದ ಮೆಲ್ಲಗೆ. "ಬಲಗಿವಿ ಪೂರಾ ಹೋಗೈತಿ. ಎಡಗಿವಿ ಅರ್ಧಾ. ಊರಿಗೆಲ್ಲ ಹಾರ್ನ ಕೇಳಿಸಿದಾಂವ ಕೆಪ್ಪ ಆದಾ ಅಂತ ನಗ್ತಾರ. ಯಾರಿಗೂ ಹೇಳಿಲ್ಲ. ಎಡಗಿವಿ ನಿಮ್ಮ ಕಡೆ ಇರ್ಲಂತ ಬಲಕ್ಕ ಕುಂದರ್ತೀನಿ, ತುಟಿ ನೋಡಿ ತಿಳ್ಕೋತೀನಿ."

ರಹೀಮಾಬಿಯ ಸಂಶಯ ಇನ್ನೂ ಹೋಗಲಿಲ್ಲ. "ಹಂಗಾರ ನನ್ನ ತುಟಿ ಅಷ್ಟ ಯಾಕ? ಶಂಕ್ರಪ್ಪನವರ ಭಾಷಣದಾಗ ಜಂತಿ ನೋಡ್ಕೋತ ಕುಂದರ್ತೀರಿ."

"ಅದು ಕೇಳಿಸದಿದ್ರ ಪುಣ್ಯಾ ಬರ್ತೈತ್ರಿ." ನಕ್ಕ. ಆಮೇಲೆ ನಗು ಇಳಿಯಿತು. "ಉಳಿದವರ ಮಾತು ತಪ್ಪಿದ್ರ ನಡೀತೈತಿ. ನಿಮ್ಮದು ಒಂದೂ ತಪ್ಪಬಾರದು ಅನಸ್ತೈತಿ. ಈ ಎಡಗಿವೀನೂ ಹೋಗೂದ್ರಾಗ ಕೇಳ್ಕೋಬೇಕು."

ಹಿಡಿದ ತೋಳನ್ನು ಅವಳು ಬಿಡಲಿಲ್ಲ.

ವಾಪಸು ಬರುವಾಗ ನವಲಗುಂದ ದಾಟಿದ ಮೇಲೆ ಶಂಕ್ರಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಎಲ್ಲಾರೂ ಕೇಳ್ರಿ. ಬಳಗಕ್ಕ ಒಂದು ದೂರು ಬಂದೈತಿ..."

ರಹೀಮಾಬಿ ಎದ್ದಳು. "ದೂರು ಕೊಟ್ಟಾಕಿ ನಾನು. ವಾಪಸ್ ತಗೊಂಡೀನ್ರಿ."

"ಅಲ್ರಿ ರಹೀಮಾಬಿಯವರ, ಅಂವ ಹಂಗ ನೋಡೂದು?"

"ನೋಡ್ಲಿ. ನಾನ ನೋಡ್ರಿ ಅಂದೀನಿ."

ಟೆಂಪೊ ತುಂಬ ಹೋ ಎಂಬ ನಗು. ರೇವವ್ವ ಸಿಳ್ಳು ಹೊಡೆದಳು. ಮುಂದಿನ ಸೀಟಿನಲ್ಲಿದ್ದ ಇಮಾಮುದ್ದೀನನಿಗೆ ಎಂಜಿನ್ ಸದ್ದಿನಲ್ಲಿ ಏನೂ ತಿಳಿದಿರಲಿಲ್ಲ. ಹಿಂತಿರುಗಿ, ತನ್ನನ್ನೇ ನೋಡಿ ನಗುತ್ತಿದ್ದವರನ್ನು ಕಂಡು ಸಂಶಯದಿಂದ ಕಣ್ಣು ಕಿರಿದು ಮಾಡಿದ. ರಹೀಮಾಬಿ ಹೋಗಿ ಆತನ ಎಡಕ್ಕೆ ಕುಳಿತಳು.

"ಏನಂದ್ರಿ ಅವರಿಗೆ?"

"ಅದಿರ್ಲಿ. ಶುಕ್ರವಾರ ಊಟಕ್ಕ ಮನಿಗೆ ಬರ್ರಿ. ಸೊಸಿ ರುಬಿಯಾಗ ಒಂದು ಮಾತು ಹೇಳೂದೈತಿ."

"ಏನ ಮಾತು?"

"ನಾವಿಬ್ರೂ ನಿಕಾ ಮಾಡ್ಕೋತೀವಂತ."

ಆತ ಬಹಳ ಹೊತ್ತು ಅವಳ ತುಟಿ ನೋಡಿದ. "ಇನ್ನೊಮ್ಮೆ ಹೇಳ್ರಿ."

"ಯಾಕ, ಕೇಳಿಸಲಿಲ್ಲೇನು?"

"ಕೇಳಿಸ್ತು," ಎಂದ. "ಇನ್ನೊಮ್ಮೆ ಹೇಳ್ರಿ."