ಮಹಾರಾಣಿ ಕಾಯುತ್ತಿದ್ದ ಸ್ಕೂಟರ್

"ಎಂಟು ಎಮ್ಮೆ ಬೇಡ. ಸದ್ಯಕ್ಕೆ ನಾಲ್ಕು ಸಾಕು."

ಅಷ್ಟು ಹೇಳಿ ಬ್ಯಾಂಕಿನ ಫೀಲ್ಡ್ ಆಫೀಸರ್ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟ. ಮೇಜಿನ ಈಚೆ ಕೂತಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು!

ಒಂದೆರಡು ದಿನದ ಕನಸೇ ಅದು? ಹಾಲಿನ ಕೇಂದ್ರದ ಕಿಟಕಿಯ ಹಿಂದೆ ವರ್ಷಗಟ್ಟಲೆ ನಿಂತು, ಬೇರೆಯವರ ಎಮ್ಮೆಗಳ ಹಾಲು ಅಳೆದು, ಜಿಡ್ಡು ನೋಡಿ, ಚೀಟಿ ಹರಿದುಕೊಟ್ಟು ಕಂಡ ಕನಸು. ಕೊಟ್ಟಿಗೆಯ ಉದ್ದಗಲ, ಗಂಜಲ ಹರಿದುಹೋಗುವ ಇಳಿಜಾರು, ಹಸಿಮೇವಿಗೆ ಬಿಡಬೇಕಾದ ಜಾಗ, ಎಲ್ಲ ಬಾಯಿಪಾಠ. ಬೀದಿಯವರು ಆಗಲೇ ಅವಳನ್ನು 'ಎಮ್ಮೆ ಮೇಡಂ' ಎಂದು ಕರೆಯಲು ಶುರು ಮಾಡಿದ್ದರು. ಎಮ್ಮೆ ಮಾತ್ರ ಇನ್ನೂ ಬಂದಿರಲಿಲ್ಲ.

"ಯಾಕೆ ಸರ್? ಹೆಂಗಸು ಅಂತಾನಾ?"

"ಅಲ್ಲ."

"ಮತ್ತೆ? ನಮ್ಮ ಸೋದರತ್ತೆ ಇರೋ ಒಂದೇ ಜಾಗಾನ ಅಡ ಇಡ್ತಿದ್ದಾರೆ. ಅದು ಸಾಲದಾ?"

"ಜಾಗ ಬೇಕಾದಷ್ಟಾಯ್ತು. ಆದ್ರೆ ಎಂಟೂ ಒಟ್ಟಿಗೆ ತಂದ್ರೆ ಎಂಟೂ ಒಟ್ಟಿಗೆ ಬತ್ತುತ್ತವೆ. ಆಗ ಮೇವಿಗೆ ಏನು ಮಾಡ್ತೀರಾ? ಕಂತು ಎಲ್ಲಿಂದ ಕಟ್ತೀರಾ? ಈಗ ನಾಲ್ಕು ತನ್ನಿ. ಆರು ತಿಂಗಳು ಬಿಟ್ಟು ಇನ್ನು ನಾಲ್ಕು. ಇವು ಹಾಲು ನಿಲ್ಲಿಸೋ ಹೊತ್ತಿಗೆ ಅವು ಕೊಡ್ತಿರ್ತವೆ."

ಕೇಂದ್ರದ ಕಿಟಕಿಗೆ ಬರುತ್ತಿದ್ದದ್ದು ಹಾಲು ಕೊಡುವ ಎಮ್ಮೆಗಳ ಹಾಲು. ಹಾಲು ಕೊಡದೆ ಮೇವು ತಿನ್ನುತ್ತ ನಿಂತ ಎಮ್ಮೆಗಳು ಆ ಕಿಟಕಿಗೆ ಎಲ್ಲಿಂದ ಕಾಣಬೇಕು? ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಕೋಪ ಬಂತು!

"ಆಮೇಲೆ ಉಳಿದ ನಾಲ್ಕಕ್ಕೆ ಸಾಲ ಸಿಗೋದು ಖಾತ್ರಿನಾ?"

"ಮೊದಲ ನಾಲ್ಕು ನೀವು ಹೇಳಿದಷ್ಟು ಹಾಲು ಕೊಟ್ರೆ ಖಾತ್ರಿ. ಕರೆಯೋದನ್ನ ನಾವು ಕಣ್ಣಾರೆ ನೋಡಿ ಬರೀಬೇಕು. ಅದು ರೂಲು."

"ಬನ್ನಿ! ದಿನಾ ಬನ್ನಿ! ಬಕೆಟ್ ತುಂಬಿ ಹೊರಗೆ ಚೆಲ್ಲೋದನ್ನ ನೋಡ್ಕೊಂಡು ಹೋಗಿ!"

ಅವನ ತುಟಿಯ ಒಂದು ಕೊನೆ ಮಾತ್ರ ಅಲುಗಿತು. ಅದು ನಗುವೋ, ಕೊಬ್ಬೋ... ಛೆ, ನನಗೇನು! ಎಂದುಕೊಂಡು ಅವಳು ಮೆಟ್ಟಿಲು ಇಳಿದಳು.

ಅವನು ನಿಜವಾಗಿಯೂ ದಿನಾ ಬರುತ್ತಾನೆ ಎಂದು ಅವಳಿಗೇನು ಗೊತ್ತಿತ್ತು?

* * *

ನಾಲ್ಕು ಎಮ್ಮೆ ಬಂದವು. ಮೂರು ಸಾಧು. ನಾಲ್ಕನೆಯದು ಕೊಟ್ಟಿಗೆಗೆ ಕಾಲಿಟ್ಟದ್ದೇ ಮೂಲೆಯ ಜಾಗ ತನ್ನದೆಂದು ನಿಂತುಬಿಟ್ಟಿತು. ಮಿಕ್ಕವು ದಾರಿ ಬಿಟ್ಟವು. ಅತ್ತೆ ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟರು.

ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿದ್ದು ಈ ಸೋದರತ್ತೆ. ಬಾಯಿ ಜೋರು, ಕಣ್ಣು ಅದಕ್ಕಿಂತ ಚುರುಕು.

ಮರುದಿನ ಬೆಳಿಗ್ಗೆ ಗೇಟಿನ ಬಳಿ ಸದ್ದು. ಪುಟ್... ಪುಟ್... ಪುಟುಪುಟು... ನಡುವೆ ಮುದುಕರ ಕೆಮ್ಮಿನಂಥದ್ದೊಂದು. ತನ್ನ ಅಪ್ಪನ ಕಾಲದ ಸ್ಕೂಟರ್ ಇಳಿದು ಫೀಲ್ಡ್ ಆಫೀಸರ್ ಒಳಗೆ ಬಂದ.

"ಆಫೀಸಿಗೆ ಹೋಗೋ ದಾರಿ. ಹಾಗೇ ನೋಡ್ಕೊಂಡು ಹೋಗೋಣ ಅಂತ..."

ಅವನ ಬಾಡಿಗೆ ರೂಮು ಇರುವುದು ಬ್ಯಾಂಕಿನ ಹಿಂದಿನ ಬೀದಿಯಲ್ಲಿ ಎಂದು ಅತ್ತೆ ಆ ವಾರದಲ್ಲೇ ಪತ್ತೆ ಮಾಡಿದರು. ಆದರೆ ಬಾಯಿ ಬಿಡಲಿಲ್ಲ.

ದಿನಗಳು ವಾರಗಳಾದವು, ವಾರಗಳು ತಿಂಗಳಾದವು. ಸ್ಕೂಟರ್ ಮಾತ್ರ ತಪ್ಪಲಿಲ್ಲ. ಒಮ್ಮೆ ಅವನೇ ಅಂಗಿಯ ತೋಳು ಮಡಚಿ ಹಾಲು ಕರೆಯಲು ಕೂತ. ಮಹಾರಾಣಿ ಒದ್ದೆ ಬಾಲದಿಂದ ಅವನ ಕೆನ್ನೆಗೆ ಫಟಾರನೆ ಬಾರಿಸಿತು!

"ಸಾಲ ಅರ್ಧ ಮಾಡಿದ್ರಲ್ಲ, ಮಹಾರಾಣಿಗೆ ಗೊತ್ತಾಗಿದೆ!" ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅರ್ಧ ಮಾಡ್ಲಿಲ್ಲ ಕಣ್ರೀ, ಎರಡು ಸಲ ಕೊಡ್ತೀನಿ ಅಂದೆ..." ಕೆನ್ನೆ ಒರೆಸಿಕೊಳ್ಳುತ್ತ ಅವನೂ ನಕ್ಕ.

"ಇನ್ನೂ ಕರೀಲಿಲ್ವೇನೇ ಪುಟ್ಟಿ? ಕ್ಯಾನು ಕಳಿಸೋ ಹೊತ್ತಾಯ್ತು!" ಅತ್ತೆ ದಿನವೂ ಅಡುಗೆಮನೆಯಿಂದ ಕೂಗುತ್ತಿದ್ದರು.

"ತಡಿ ಅತ್ತೆ, ಆಫೀಸರ್ ಬರ್ಲಿ. ಅವರ ಕಣ್ಣೆದುರೇ ಕರೀಬೇಕು. ಆಮೇಲೆ ನೀರು ಸೇರಿಸಿದ್ಲು ಅನ್ನಬಾರದು."

ಕ್ಯಾನು ಕಾಯುತ್ತಿತ್ತು, ಎಮ್ಮೆಗಳು ಕಾಯುತ್ತಿದ್ದವು, ಅವಳು ಗೇಟಿಗೂ ಕೊಟ್ಟಿಗೆಗೂ ಸುಮ್ಮನೆ ಓಡಾಡುತ್ತಿದ್ದಳು. ಪುಟುಪುಟು ಕೇಳಿದ ಮೇಲೆಯೇ ಹಿಂಡಿ ಬೀಳುತ್ತಿತ್ತು, ಕೆಚ್ಚಲಿಗೆ ಬಿಸಿನೀರು ತಾಗುತ್ತಿತ್ತು. ಅವಳು ಬಕೆಟ್ ಇಟ್ಟುಕೊಂಡು ಕೂರುತ್ತಿದ್ದಳು. ಹಾಲು ಚರ್... ಚರ್... ಎಂದು ಇಳಿಯುತ್ತಿತ್ತು.

ಒಂದು ಬೆಳಿಗ್ಗೆ ಅವನು ಕೇಳಿದ. "ಕೈಯಲ್ಲಿ ಕೆಲಸ ಇತ್ತಲ್ಲ. ಯಾಕೆ ಇದಕ್ಕೆ ಬಿದ್ರಿ?"

ಅವಳು ಕರೆಯುತ್ತಲೇ ಹೇಳಿದಳು. "ಕಿಟಕಿ ಆಚೆ ಹಾಲು ತಂದೋರ ಮುಖ ನೋಡ್ತಿದ್ದೆ. ಚೀಟಿ ಕೈಗೆ ಬಂದಾಗ ಅದೊಂಥರಾ ಇರುತ್ತೆ. ಯಾರನ್ನೂ ಕೇಳ್ಬೇಕಾಗಿಲ್ಲ, ಯಾರಿಗೂ ಲೆಕ್ಕ ಹೇಳ್ಬೇಕಾಗಿಲ್ಲ ಅನ್ನೋ ಮುಖ. ಒಂದ್ಸಲನಾದ್ರೂ ಆ ಮುಖ ನನ್ನದಾಗ್ಲಿ ಅನ್ನಿಸ್ತು."

ಅವನು ಕೈಯಲ್ಲಿದ್ದ ಹೆಲ್ಮೆಟ್ಟನ್ನು ಪಕ್ಕಕ್ಕಿಟ್ಟ. ಆಮೇಲೆ ಮೆಲ್ಲಗೆ ಅಂದ. "ಈಗ ಹಾಗೇ ಇದೆ... ನಿಮ್ಮ ಮುಖ."

ಅವಳ ಕೈ ನಿಂತಿತು. ಅವನು ತಟ್ಟನೆ ತಿರುಗಿ ಹೊರಟೇಬಿಟ್ಟ. ಹೆಲ್ಮೆಟ್ ಮೇವಿನ ಕಟ್ಟೆಯ ಮೇಲೆಯೇ ಉಳಿಯಿತು.

ಮಾರನೆಯ ದಿನ ಅವನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

* * *

ಫೋನ್ ಮಾಡಲೋ ಬೇಡವೋ ಎಂದು ಫೋನನ್ನು ತೆಗೆದು ಇಟ್ಟು, ಇಟ್ಟು ತೆಗೆದು, ಕೊನೆಗೆ ಮಾಡಿಯೇಬಿಟ್ಟಳು.

"ನಿಮ್ಮ ಹೆಲ್ಮೆಟ್ ಇಲ್ಲೇ ಇದೆ..."

"ಇರ್ಲಿ. ಬೇರೆ ಇದೆ." ಗಂಟಲು ಸರಿಮಾಡಿಕೊಂಡ ಸದ್ದು. "ನಿಮ್ಮ ಫೈಲ್ ಈಗ ನನ್ನ ಹತ್ರ ಇಲ್ಲ. ನಮ್ಮ ಮೇಡಂ ನೋಡ್ಕೋತಾರೆ. ಎರಡನೇ ಸಾಲಕ್ಕೆ ಸೋಮವಾರ ಬೆಳಿಗ್ಗೆ ಅವರೇ ಬಂದು ಹಾಲು ಅಳೀತಾರೆ."

"ನೀವು...?"

"ನಾನೇ ಕೇಳಿ ಬಿಟ್ಟುಕೊಟ್ಟೆ."

"ಯಾಕೆ?"

ಆ ಕಡೆಯಿಂದ ಫೋನ್ ಕಟ್ಟಾಯಿತು.

ಬಿಟ್ಟುಕೊಟ್ಟನಂತೆ! ಕೇಳಿ ಬಿಟ್ಟುಕೊಟ್ಟನಂತೆ! ಈ ಸಾಲ ಮುಳುಗುವುದು ಕಂಡಿರಬೇಕು, ಅದಕ್ಕೇ ಮೊದಲೇ ಕೈ ತೊಳೆದುಕೊಂಡ. ದಿನಾ ಬಂದು ನಿಂತದ್ದು, ನಕ್ಕದ್ದು, ಆ ಮಾತು... ಎಲ್ಲ ಡ್ಯೂಟಿ. ನಾನೇ ದಡ್ಡಿ. ಅವಳು ಹೆಲ್ಮೆಟ್ಟನ್ನು ಹುಲ್ಲಿನ ಹಿಂದೆ ಕಣ್ಣಿಗೆ ಬೀಳದಂತೆ ಇಟ್ಟಳು. ಸಂಜೆ ಅದು ಇದೆಯೋ ಇಲ್ಲವೋ ಎಂದು ತಾನೇ ಬಗ್ಗಿ ನೋಡಿದಳು.

ಇದು ಸಾಲದು ಎಂಬಂತೆ ಹಾಲು ಕಡಿಮೆಯಾಯಿತು!

ಮೂರು ಎಮ್ಮೆಗಳು ಅರೆಮನಸ್ಸಿನಿಂದ ಕೊಟ್ಟವು. ಮಹಾರಾಣಿ ಅದನ್ನೂ ಕೊಡಲಿಲ್ಲ. ಕೆಚ್ಚಲು ಬಿಗಿದುಕೊಂಡು, ಗೇಟಿನ ಕಡೆ ಮುಖ ಮಾಡಿ ನಿಂತುಬಿಟ್ಟಿತು. ಕರು ಬಿಟ್ಟದ್ದಾಯಿತು, ಹಿಂಡಿ ಜಾಸ್ತಿ ಹಾಕಿದ್ದಾಯಿತು, ಬೆನ್ನು ಸವರಿ ಗೋಗರೆದದ್ದಾಯಿತು. ದನದ ಡಾಕ್ಟರು ಬಂದು ಮುಟ್ಟಿ ನೋಡಿ, "ಏನೂ ಇಲ್ಲಮ್ಮ, ಗುಂಡುಕಲ್ಲಿನ ಹಾಗಿದಾಳೆ. ಮನಸ್ಸಿಲ್ಲ ಅಷ್ಟೇ" ಎಂದು ಹೋದರು.

ಅವಳ ಜೀವ ಬಾಯಿಗೆ ಬಂತು. ಸೋಮವಾರ ಬಕೆಟ್ ಅರ್ಧ ಆದರೆ ಎರಡನೇ ಸಾಲ ಇಲ್ಲ. ಎರಡನೇ ಸಾಲ ಇಲ್ಲದಿದ್ದರೆ ಇವು ಬತ್ತಿದ ಮೇಲೆ ಮೇವಿಲ್ಲ, ಕಂತಿಲ್ಲ. ಆಮೇಲೆ... ಅತ್ತೆಯ ಜಾಗ!

ಭಾನುವಾರ ಬೆಳಿಗ್ಗೆ ರಸ್ತೆಯಲ್ಲಿ ಯಾರದೋ ಹಳೆಯ ಸ್ಕೂಟರ್ ಹಾದುಹೋಯಿತು. ನಾಲ್ಕೂ ಎಮ್ಮೆಗಳ ಕಿವಿ ಒಟ್ಟಿಗೆ ನೆಟ್ಟಗಾದವು. ಮಹಾರಾಣಿ ಕತ್ತು ಚಾಚಿ ಒಮ್ಮೆ ಕೂಗಿತು. ಸದ್ದು ದೂರವಾಯಿತು, ಕಿವಿಗಳು ಇಳಿದವು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೊಂಟದ ಮೇಲೆ ಕೈ ಇಟ್ಟರು. "ನೋಡಿದ್ಯಾ? ಆ ಪುಟುಪುಟು ಬಾರದೆ ಇವು ಹಾಲು ಬಿಡಲ್ಲ."

"ಅಯ್ಯೋ ಅತ್ತೆ, ಎಮ್ಮೆಗೆ ಅದೆಲ್ಲ ಗೊತ್ತಾಗುತ್ತಾ..."

"ಗೊತ್ತಾಗದೆ ಏನು? ಇಷ್ಟು ತಿಂಗಳೂ ಆ ಸದ್ದು ಕೇಳಿದ್ಮೇಲೇ ಹಿಂಡಿ, ಆ ಸದ್ದು ಕೇಳಿದ್ಮೇಲೇ ಬಿಸಿನೀರು. ಅವಕ್ಕೆ ಕಾಯೋದು ಕಲಿಸಿದ್ದು ಯಾರೇ? ನಾನಾ?"

ಅವಳ ಮುಖ ಕೆಂಪಾಯಿತು. ಎಮ್ಮೆಗಳಿಗೆ ಕಾಯುವುದನ್ನು ಕಲಿಸಿದವಳು ತಾನೇ. ಹಾಗಾದರೆ ತನಗೆ ಕಲಿಸಿದವರು ಯಾರು?

"ಹೋಗಿ ಕರ್ಕೊಂಡು ಬಾ" ಎಂದರು ಅತ್ತೆ.

"ಅವರನ್ನಾ? ಪ್ರಾಣ ಹೋದ್ರೂ ಇಲ್ಲ!"

"ಅವರನ್ನ ಅಂತ ಯಾರು ಹೇಳಿದ್ರು? ಸ್ಕೂಟರನ್ನ ಕರ್ಕೊಂಡು ಬಾ."

* * *

ಅವನು ರೂಮಿನ ಮುಂದೆ ಬನಿಯನ್ನಿನಲ್ಲಿ ನಿಂತು ಬಟ್ಟೆ ಒಣಹಾಕುತ್ತಿದ್ದ. ಅವಳನ್ನು ಕಂಡದ್ದೇ ಒದ್ದೆ ಅಂಗಿಯನ್ನೇ ಮೈಗೆ ಅಡ್ಡ ಹಿಡಿದುಕೊಂಡ.

ಅವಳು ಹೆಲ್ಮೆಟ್ಟನ್ನು ಮೆಟ್ಟಿಲ ಮೇಲೆ ಕುಕ್ಕಿದಳು. "ನಿಮ್ಮ ಸ್ಕೂಟರ್ ಬೇಕು. ನಾಳೆ ಬೆಳಿಗ್ಗೆಗೆ. ನೀವು ಬೇಡ. ಸ್ಕೂಟರ್ ಸಾಕು."

ಕಾರಣ ಕೇಳಿ ಅವನು ನಗಲಿಲ್ಲ. ನಕ್ಕಿದ್ದರೆ ಅವಳು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದಳು. ಸುಮ್ಮನೆ ಕೀಲಿ ಕೊಟ್ಟ. ಅವಳು ಕಿಕ್ಕರ್ ಒದ್ದಳು, ಮತ್ತೆ ಒದ್ದಳು. ಸ್ಕೂಟರ್ ಮುಲುಗಲೂ ಇಲ್ಲ.

"ಅದು ಬೇರೆಯವರ ಕಾಲಿಗೆ ಏಳಲ್ಲ. ನಾನೇ ತರ್ತೀನಿ" ಎಂದ. "ಆದ್ರೆ ಗೇಟಿನ ಒಳಗೆ ಕಾಲಿಡಲ್ಲ."

"ಅಷ್ಟು ಬೇಡವಾದ್ವಾ ನಾವು?"

"ಮೇಡಂ ಅಳೆದು ಬರೆದು ಹೋದ ಮೇಲೆ ಹೇಳ್ತೀನಿ. ಅದಕ್ಕೆ ಮುಂಚೆ ಒಂದು ಮಾತೂ ಹೇಳಲ್ಲ."

ಈಗಲೇ ಹೇಳಬಾರದೇನು? ದಾರಿಯುದ್ದಕ್ಕೂ ಅವಳು ಅದನ್ನೇ ಗೊಣಗುತ್ತ ನಡೆದಳು. ಕೋಪವೇ ಇದು? ಕೋಪಕ್ಕೆ ಹೀಗೆ ಕಣ್ಣು ತುಂಬುತ್ತದೆಯೇ...

* * *

ಸೋಮವಾರ. ದಪ್ಪ ಕನ್ನಡಕದ ಮೇಡಂ ಕುರ್ಚಿ ಹಾಕಿಸಿಕೊಂಡು ಕೊಟ್ಟಿಗೆಯಲ್ಲೇ ಕೂತರು. ಮಹಾರಾಣಿ ಗೇಟು ನೋಡುತ್ತ ನಿಂತಿತ್ತು. ಖಾಲಿ ಬಕೆಟ್ಟಿನ ತಳ ಬೆಳ್ಳಗೆ ಹೊಳೆಯುತ್ತಿತ್ತು.

"ಶುರು ಮಾಡಮ್ಮ."

ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ಮೇಡಂ... ನಮ್ಮ ಎಮ್ಮೆಗಳಿಗೆ ಒಂದು ಸ್ಕೂಟರ್ ಸದ್ದು ಕೇಳಬೇಕು. ಆಗ್ಲೇ ಹಾಲು ಬಿಡೋದು. ತಪ್ಪು ನನ್ನದೇ, ನಾನೇ ಅಭ್ಯಾಸ ಮಾಡಿಸಿಬಿಟ್ಟೆ."

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು.

ದೂರದಲ್ಲಿ... ಪುಟ್. ಪುಟ್.

ಕಿವಿಗಳು ಎದ್ದವು! ಅವಳು ಹಿಂಡಿ ಸುರಿದು, ಕೆಚ್ಚಲು ತೊಳೆದು ಕೂತಳು. ಅಷ್ಟರಲ್ಲಿ ಸದ್ದು ಕೆಮ್ಮಿ ನಿಂತೇಹೋಯಿತು. ಮಹಾರಾಣಿ ಮೂತಿ ಎತ್ತಿ ಕಲ್ಲಾಗಿ ನಿಂತಿತು.

ಬಾ... ಬಾರೋ ಮಾರಾಯ... ಅವಳು ಕಣ್ಣು ಮುಚ್ಚಿಕೊಂಡಳು. ಬೇಡಿಕೊಂಡದ್ದು ಹಾಲಿಗೋ ಅವನಿಗೋ, ಅವಳಿಗೇ ತಿಳಿಯಲಿಲ್ಲ.

ಪುಟ್... ಪುಟುಪುಟು... ಪುಟುಪುಟು! ಗೇಟಿನ ಆಚೆಯೇ!

ಮಹಾರಾಣಿ ಉಸಿರು ಬಿಟ್ಟಿತು. ಅವಳ ಬೆರಳ ನಡುವೆ ಕೆಚ್ಚಲು ಮೆತ್ತಗಾಯಿತು. ಚರ್... ಚರ್... ಬಕೆಟ್ಟಿನ ತುಂಬ ನೊರೆ ಎದ್ದಿತು. ಅವಳ ಕಣ್ಣೀರು ಗಲ್ಲದಿಂದ ಜಾರಿತು. ಹಾಲಿಗೆ ನೀರು ಸೇರೀತೆಂದು ಹೆದರಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

ಮೇಡಂ ಅಳೆದರು, ಬರೆದರು, ಎದ್ದರು. "ಯಾವ ಸದ್ದಿಗೆ ಇಳಿದ್ರೂ ಹಾಲು ಹಾಲೇ. ಎರಡನೇ ಸಾಲಕ್ಕೆ ನನ್ನದೇನೂ ಅಡ್ಡಿ ಇಲ್ಲ. ಆದ್ರೆ ಮುಂದಿನ ನಾಲ್ಕು ಬರೋದ್ರೊಳಗೆ ಸದ್ದಿಲ್ಲದೆ ಕೊಡೋದು ಕಲಿಸು. ಸ್ಕೂಟರ್ ಕೆಟ್ಟ ದಿನ ಬ್ಯಾಂಕು ಕೆಡಬಾರದು ನೋಡು!"

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಹೊಗೆ, ಹೊಗೆ" ಎಂದರು. ಎಲ್ಲೂ ಹೊಗೆ ಇರಲಿಲ್ಲ.

* * *

ಮೇಡಂ ಹೋದ ಮೇಲೆ ಅವಳು ಗೇಟಿಗೆ ಬಂದಳು. ಗೇಟಿನ ಆಚೆ ಅವನು, ಈಚೆ ಅವಳು.

"ಬರೆದಾಯ್ತು. ಈಗ ಹೇಳಿ. ಯಾಕೆ ಬಿಟ್ಟುಕೊಟ್ರಿ?"

ಅವನು ಸ್ಕೂಟರಿನ ಹ್ಯಾಂಡಲ್ ನೋಡುತ್ತ ಹೇಳಿದ. "ಆವತ್ತು ನಿಮ್ಮ ಮುಖ ಹಾಗಿದೆ ಅಂದೆ. ಇನ್ನೊಂದು ನಿಮಿಷ ನಿಂತಿದ್ರೆ ಮನಸ್ಸಲ್ಲಿ ಇದ್ದದ್ದೆಲ್ಲ ಹೇಳಿಬಿಡ್ತಿದ್ದೆ. ಸಾಲ ಮಂಜೂರು ಮಾಡೋನು ಬಂದು ನೀವಂದ್ರೆ ಇಷ್ಟ ಅಂದ್ರೆ... ನೀವು ಇಲ್ಲ ಅನ್ನೋಕೆ ಹೆದರಬಹುದಿತ್ತು. ಹಾಗೆ ಹೆದರಿ ಹೂಂ ಅಂದಿದ್ರೆ, ನಾನು ಸತ್ತು ಹೋಗ್ತಿದ್ದೆ."

ಕೈ ತೊಳೆದುಕೊಂಡ ಅಂದುಕೊಂಡಿದ್ದಳಲ್ಲ... ಅವಳ ದಾರಿಯಲ್ಲಿ ತಾನು ಅಡ್ಡ ನಿಲ್ಲಬಾರದೆಂದು ಸರಿದು ನಿಂತಿದ್ದನೇ ಇವನು!

"ಒಂದು ಮಾತು ಹೇಳಿ ಹೋಗಬಹುದಿತ್ತು" ಎಂದಳು. ಅಂಗೈಯಿಂದ ಕಣ್ಣು ಒರೆಸಿಕೊಂಡಳು. "ನಾನು ಎಷ್ಟು ಬೈಕೊಂಡೆ ಗೊತ್ತಾ?"

"ಗೊತ್ತು. ಹೆಲ್ಮೆಟ್ಟಲ್ಲಿ ಹುಲ್ಲಿತ್ತು."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅಗುಳಿ ಸರಿಸಿದಳು. ಗೇಟು ಕಿರ್ರೆಂದು ತೆರೆಯಿತು.

"ಈಗ ಇಲ್ಲ ಅನ್ನೋಕೆ ನನಗೇನೂ ಹೆದರಿಕೆ ಇಲ್ಲ" ಎಂದಳು.

ಅವನ ಮುಖ ಬಿಳಿಚಿತು. "ಹಾಗಾದ್ರೆ...?"

"ಹೆದರಿಕೆ ಇಲ್ಲ ಅಂದೆ. ಮನಸ್ಸೂ ಇಲ್ಲ. ಇಲ್ಲ ಅನ್ನೋಕೆ."

ಅದನ್ನು ಅರ್ಥ ಮಾಡಿಕೊಳ್ಳಲು ಪಾಪ ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ತುಟಿಯ ಎರಡೂ ಕೊನೆ ಅರಳಿದವು.

"ನಾಳೆ ಬೆಳಿಗ್ಗೆ ಬರ್ಲಾ?"

"ಬನ್ನಿ. ಸ್ಕೂಟರ್ ತರಬೇಡಿ, ನಡ್ಕೊಂಡು ಬನ್ನಿ. ಎಮ್ಮೆಗಳಿಗೆ ಆ ಸದ್ದು ಮರೆಸಬೇಕು."

"ಅಷ್ಟು ದೂರ ನಡ್ಕೊಂಡಾ!" ಎಂದು ನಕ್ಕವನು ದನಿ ತಗ್ಗಿಸಿದ. "ಸದ್ದಿಲ್ಲದೆ ಬಂದ್ರೆ... ನಾನು ಬಂದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಅವಳು ಅವನ ಅಂಗಿಯ ತೋಳು ಹಿಡಿದು ಮೆಲ್ಲಗೆ ಒಳಕ್ಕೆ ಎಳೆದುಕೊಂಡಳು.

"ಗೇಟಲ್ಲೇ ನಿಂತಿರ್ತೀನಲ್ಲ" ಎಂದಳು.